ಲೆಕ್ಕ ಬರೆಯುವ ಹುಡುಗ ದಿವಾನನಾದ ಕತೆ

ಮೈಸೂರಿನ ಪೂರ್ಣಯ್ಯನವರ ಕತೆ ನಮಗೆಲ್ಲ ಗೊತ್ತಿದ್ದದ್ದೇ. ತಂದೆಯಿಲ್ಲದ ಹುಡುಗ, ಶೆಟ್ಟರ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದವ, ಹೈದರಾಲಿಯ ಕಣ್ಣಿಗೆ ಬಿದ್ದು ಮೇಲೇರುತ್ತಾ ಏರುತ್ತಾ ದಿವಾನಗಿರಿಯನ್ನೇ ಮುಟ್ಟಿದವ. ಅವರು ಹುಟ್ಟಿದ್ದು 1746ರಲ್ಲಿ. ಅದಕ್ಕೆ ಸರಿಯಾಗಿ ಒಂದು ವರ್ಷ ಮೊದಲು, 1745ರಲ್ಲಿ, ತಿರುವಿದಾಂಕೂರಿನ ದಕ್ಷಿಣ ತುದಿಯಲ್ಲಿ ವಿಳವಂಕೋಡಿನ ಹತ್ತಿರದ ಕುನ್ನತ್ತೂರಿನಲ್ಲಿ ಇನ್ನೊಬ್ಬ ಹುಡುಗ ಹುಟ್ಟಿದ. ಆ ಊರು ಈಗ ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಯಲ್ಲಿದೆ. ಹುಡುಗನ ಹೆಸರು ಕೇಶವ ಪಿಳ್ಳೆ. ಅವನೂ ಬಡವ, ಅವನೂ ಒಬ್ಬ ವ್ಯಾಪಾರಿಯ ಅಂಗಡಿಯಲ್ಲಿ ಲೆಕ್ಕ ಬರೆದವ, ಅವನೂ ಕೊನೆಗೆ ದಿವಾನನಾದವ. ಮುಂದೆ ಇಬ್ಬರೂ ಒಂದೇ ಯುದ್ಧದ ಎರಡು ಕಡೆಗಳಲ್ಲಿ ನಿಲ್ಲಬೇಕಾಯಿತು. ಪೂರ್ಣಯ್ಯನವರ ಬಗ್ಗೆ ಕನ್ನಡದಲ್ಲಿ ಬೇಕಾದಷ್ಟು ಬರೆದಿದ್ದಾರೆ. ಈ ಇನ್ನೊಬ್ಬರ ಬಗ್ಗೆ ನಮ್ಮ ಹುಡುಗರಿಗೆ ಹೇಳಬೇಕು ಅಂತ ನನಗೆ ಬಹಳ ದಿನದ ಆಸೆ.

ಆಸೆಗೆ ಇನ್ನೊಂದು ಕಾರಣವೂ ಉಂಟು. ಡಿಗ್ರಿ ಮುಗಿಸಿದ ನಾಲ್ಕು ಜನ ಒಂದು ಕಡೆ ಸೇರಿದರೆ ಸಾಕು, ಜಿಲ್ಲಾ ಉದ್ದಿಮೆ ಕೇಂದ್ರದ ಮಾತು ಬರುತ್ತದೆ, ಸಾಲದ ಮಾತು ಬರುತ್ತದೆ, ಸಬ್ಸಿಡಿಯ ಮಾತು ಬರುತ್ತದೆ. ಒಬ್ಬನಿಗೆ ಬೇಕರಿ ಇಡಬೇಕು, ಇನ್ನೊಬ್ಬನಿಗೆ ಅಡಕೆ ಹಾಳೆಯ ತಟ್ಟೆ ಮಾಡಬೇಕು. ಸರಕಾರ ಕೊಟ್ಟರೆ ಆಗುತ್ತದೆ ಅನ್ನುವವರು ಒಂದು ಗುಂಪು, ಸರಕಾರ ಸುಮ್ಮನಿದ್ದರೆ ಸಾಕು ಅನ್ನುವವರು ಇನ್ನೊಂದು ಗುಂಪು. ಈ ಜಗಳ ಹಳೆಯದು. ಕೇಶವ ಪಿಳ್ಳೆಯ ಬದುಕಿನೊಳಗೇ ಅದು ಇದೆ.

ಹುಡುಗ ಕೆಲಸಕ್ಕೆ ಸೇರಿದ್ದು ಪೊಕ್ಕು ಮೂಸಾ ಮರಕ್ಕಾರ್ ಎಂಬ ಮುಸ್ಲಿಂ ವ್ಯಾಪಾರಿಯ ಹತ್ತಿರ. ಹಡಗು ಬರುವುದು, ಸರಕು ಇಳಿಯುವುದು, ತೂಕದಲ್ಲಿ ಮೋಸವಾಗುವುದು, ಸುಂಕದವನ ಕೈ ಬಿಸಿ ಮಾಡುವುದು, ಇದನ್ನೆಲ್ಲ ಅವನು ಅಲ್ಲಿಯೇ ಕಂಡಿರಬೇಕು. ಅವನು ಅರಮನೆ ಸೇರಿದ ಬಗ್ಗೆ ಒಂದು ದಂತಕತೆ ಉಂಟು. ಯಜಮಾನನ ಜೊತೆ ಅರಮನೆಗೆ ಹೋದ ಹುಡುಗ ಕಾದು ಕಾದು ಓಣಿಯಲ್ಲೇ ನಿದ್ದೆಹೋದನಂತೆ. ಬೆಳಿಗ್ಗೆ ಎದ್ದ ಮಹಾರಾಜ ಧರ್ಮರಾಜನಿಗೆ (ಕಾರ್ತಿಕ ತಿರುನಾಳ್ ರಾಮವರ್ಮ, ಆಳಿದ್ದು 1758ರಿಂದ 1798ರವರೆಗೆ) ಮೊದಲು ಕಂಡದ್ದು ಇವನ ಮುಖ. ಅಪಶಕುನ ಅಂತ ಹಿಡಿದು ಒಳಗೆ ಹಾಕಿಸಿದನಂತೆ. ಅದೇ ದಿನ ಅಕ್ಕಿ ಹೇರಿದ ಹಡಗುಗಳು ಬಂದ ಸುದ್ದಿ ಬಂತು, ಅಪಶಕುನ ಶುಭಶಕುನವಾಯಿತು, ಹುಡುಗನಿಗೆ ಅರಮನೆಯಲ್ಲಿ ಬರೆಯುವ ಕೆಲಸ ಸಿಕ್ಕಿತು. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನನಗೆ ಇದರಲ್ಲಿ ಮೆಚ್ಚುಗೆಯಾದದ್ದು ಶಕುನವಲ್ಲ, ಅಕ್ಕಿಯ ಹಡಗು. ಕತೆ ಕಟ್ಟಿದ ಜನಕ್ಕೂ ಈ ಮನುಷ್ಯನನ್ನು ಸರಕಿನಿಂದ ಬೇರೆ ಮಾಡಿ ನೋಡಲು ಆಗಲಿಲ್ಲ ನೋಡಿ.

ಮುಂದಿನ ವರ್ಷಗಳನ್ನು ಬೇಗ ದಾಟುತ್ತೇನೆ. ಲೆಕ್ಕದ ಕೆಲಸದಿಂದ ಮೇಲಿನ ಕೆಲಸ, ಅಲ್ಲಿಂದ ಸಂಪ್ರತಿ ಎಂಬ ದೊಡ್ಡ ಹುದ್ದೆ, 1789ರಲ್ಲಿ ರಾಜ್ಯದ ಮುಖ್ಯಮಂತ್ರಿ. ಅದುವರೆಗೆ ಆ ಹುದ್ದೆಗೆ ದಳವಾಯಿ ಅನ್ನುತ್ತಿದ್ದರು. ಅಂದರೆ ಸೈನ್ಯದ ಮುಖ್ಯಸ್ಥನ ಹೆಸರು. ದಿವಾನ್ ಎಂದು ಕರೆಸಿಕೊಂಡ ಮೊದಲಿಗರು ಕೇಶವ ಪಿಳ್ಳೆ. ರಾಜಾ ಎಂಬ ಬಿರುದನ್ನು ಮುಂದೆ ಇಂಗ್ಲಿಷರ ಗವರ್ನರ್ ಜನರಲ್ ಮಾರ್ನಿಂಗ್ಟನ್ ಕೊಟ್ಟ. ತನ್ನ ಒಡೆಯ ಇರುವಾಗ ತಾನು ರಾಜ ಅನ್ನಿಸಿಕೊಳ್ಳುವುದು ಹೇಗೆ ಅಂತ ಅದರ ಬಾಲಕ್ಕೆ ದಾಸ ಅಂತ ಸೇರಿಸಿಕೊಂಡರು ಎಂದು ಹೇಳುವುದುಂಟು. ಜನ ಕರೆದದ್ದು ಮಾತ್ರ ವಲಿಯ ದಿವಾನ್‌ಜಿ ಅಂತ. ನಮ್ಮ ಭಾಷೆಯಲ್ಲಿ ದೊಡ್ಡ ದಿವಾನರು.

ದಿವಾನರಾದ ವರ್ಷವೇ ಟಿಪ್ಪು ಸುಲ್ತಾನನ ದಂಡು ಬಂತು. 1789ರ ಡಿಸೆಂಬರ್ ಕೊನೆಯಲ್ಲಿ ನೆಡುಂಕೋಟ್ಟ ಎಂಬ ಉದ್ದದ ಕೋಟೆ ಸಾಲಿನ ಹತ್ತಿರ ಟಿಪ್ಪು ಹಿಮ್ಮೆಟ್ಟಬೇಕಾಯಿತು. 1790ರಲ್ಲಿ ಮತ್ತೆ ಬಂದು ಸಾಲನ್ನು ಒಡೆದು ಆಲುವದವರೆಗೆ ಇಳಿದ. ಪೆರಿಯಾರ್ ತುಂಬಿ ಹರಿಯಿತು, ಅತ್ತ ಶ್ರೀರಂಗಪಟ್ಟಣದ ಕಡೆ ಇಂಗ್ಲಿಷರ ಓಡಾಟ ಜಾಸ್ತಿಯಾಯಿತು, ಟಿಪ್ಪು ಹಿಂದಿರುಗಿದ. ಈ ಯುದ್ಧದ ಬಗ್ಗೆ ನಾವು ಕನ್ನಡದವರು ಒಂದು ಪುಸ್ತಕ ಓದುತ್ತೇವೆ, ಅವರು ಮಲಯಾಳದಲ್ಲಿ ಇನ್ನೊಂದು ಪುಸ್ತಕ ಓದುತ್ತಾರೆ. ಎರಡರಲ್ಲೂ ಬಾರದ ಒಂದು ಮಾತುಂಟು. ಹೊಡೆದಾಡುತ್ತಿದ್ದ ಈ ಎರಡು ಸರಕಾರಗಳೂ ವ್ಯಾಪಾರದಲ್ಲಿ ಒಂದೇ ಜಾಡಿನಲ್ಲಿ ನಡೆಯುತ್ತಿದ್ದವು. ಟಿಪ್ಪು ಮಸ್ಕತ್ತಿನಲ್ಲಿ, ಕಚ್ಛದಲ್ಲಿ ಸರಕಾರದ ಕೋಠಿಗಳನ್ನು ಇಟ್ಟ. ಕೇಶವದಾಸರು ಅದೇ ಕಚ್ಛದಿಂದ ವ್ಯಾಪಾರಿಗಳನ್ನು ತಮ್ಮ ಊರಿಗೆ ಕರೆಸಿಕೊಂಡರು. ಒಬ್ಬ ಅಂಗಡಿಯನ್ನೇ ಹೊರಗೆ ಕಳಿಸಿದ, ಇನ್ನೊಬ್ಬರು ಅಂಗಡಿಕಾರನನ್ನು ಒಳಗೆ ಕರೆದರು.

ಕರೆದದ್ದು ಆಲಪ್ಪುಳಕ್ಕೆ. ಕೊಚ್ಚಿಗೂ ಕೊಲ್ಲಂಗೂ ನಡುವೆ, ಮರಳ ದಂಡೆ. ಹೊರದೇಶದ ವ್ಯಾಪಾರಕ್ಕೆ ಈ ಬಂದರು ತೆರೆದದ್ದು 1762ರಲ್ಲಿ ಅನ್ನುತ್ತಾರೆ. ಆಗ ಕೇಶವ ಪಿಳ್ಳೆಗೆ 17 ವರ್ಷ. ಆದ್ದರಿಂದ ಎಲ್ಲವನ್ನೂ ಅವರೊಬ್ಬರೇ ಒಂದೇ ಏಟಿಗೆ ಮಾಡಿದರು ಅನ್ನುವ ಭಾಷಣದ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಬಂದರಿಗೆ ಜೀವ ತುಂಬಿದ ಕೀರ್ತಿಯನ್ನು ಯಾರೂ ಅವರಿಂದ ಕಿತ್ತುಕೊಂಡಿಲ್ಲ. ಆಗ ಕೊಚ್ಚಿ ಡಚ್ಚರ ಕೈಯಲ್ಲಿತ್ತು (1795ರಲ್ಲಿ ಇಂಗ್ಲಿಷರ ಕೈಗೆ ಹೋಯಿತು). ತಿರುವಿದಾಂಕೂರಿನ ಮೆಣಸಿಗೆ ಸ್ವಂತ ಬಾಗಿಲು ಬೇಕಿತ್ತು. ಬಾಗಿಲು ಅಂದರೆ ಬರೀ ಸಮುದ್ರದ ದಂಡೆ ಸಾಲದು. ಬೆಟ್ಟದ ಮೆಣಸು, ಏಲಕ್ಕಿ ದೋಣಿಯಲ್ಲಿ ವೇಂಬನಾಡ್ ಹಿನ್ನೀರಿಗೆ ಬರುತ್ತದೆ. ಹಿನ್ನೀರಿನಿಂದ ಸಮುದ್ರಕ್ಕೆ ತಲೆಹೊರೆಯಲ್ಲಿ ಹೊತ್ತರೆ ಲಾಭವೆಲ್ಲ ಕೂಲಿಗೇ ಸರಿಹೋಯಿತು. ಅದಕ್ಕೆ ಹಿನ್ನೀರಿನಿಂದ ಬಂದರಿನ ಕಡೆಗೆ ಒಂದಕ್ಕೊಂದು ಸಮನಾಗಿ ಎರಡು ಕಾಲುವೆ ತೋಡಿಸಿದರು. ದಂಡೆಯಲ್ಲಿ ಉಗ್ರಾಣ, ಅಂಗಡಿ ಕಟ್ಟಿಸಿದರು. ಬೊಂಬಾಯಿ, ಕಚ್ಛ, ಸಿಂಧ್ ಕಡೆಯ ವರ್ತಕರಿಗೆ ಇಲ್ಲಿ ಬಂದು ನೆಲೆಸಲು ಅನುಕೂಲ ಮಾಡಿಕೊಟ್ಟರು. ಕಲ್ಕತ್ತ, ಬೊಂಬಾಯಿಗೆ ಸರಕು ಒಯ್ಯಲು ಸರಕಾರದ್ದೇ ಮೂರು ಹಡಗು ಕಟ್ಟಿಸಿದರು. ಕಾಡಿನ ಮರದ ವ್ಯಾಪಾರವನ್ನು ತಚ್ಚಿಲ್ ಮಾತ್ತು ತರಕನ್ ಎಂಬ ಕ್ರಿಶ್ಚಿಯನ್ ವರ್ತಕನಿಗೆ ಗುತ್ತಿಗೆ ಕೊಟ್ಟರು. ಈ ಹೆಸರು ನೆನಪಿರಲಿ, ಮುಂದೆ ಬರುತ್ತದೆ.

ಸಾಲ ಕೊಟ್ಟು ಕೈತೊಳೆದುಕೊಳ್ಳುವುದು ಸುಲಭ. ಒಬ್ಬ ವ್ಯಾಪಾರಿಗೆ ತಾನೊಬ್ಬನೇ ಎಂದೂ ತೋಡಲಾಗದ ಕಾಲುವೆಯನ್ನು ತೋಡಿಕೊಡುವುದು ಕಷ್ಟದ ಕೆಲಸ. ಮೂಸಾ ಮರಕ್ಕಾರನ ಅಂಗಡಿಯಲ್ಲಿ ಕೂತು ಲೆಕ್ಕ ಬರೆದವನಿಗೆ ಈ ವ್ಯತ್ಯಾಸ ತಿಳಿದಿತ್ತು ಅಂತ ನನ್ನ ಅನಿಸಿಕೆ.

ತಿರುವನಂತಪುರದ ಚಾಲೈ ಬಜಾರನ್ನು ನೋಡಿದರೂ ಇದೇ ಕಾಣುತ್ತದೆ. ನಮ್ಮ ಕಾಸರಗೋಡಿನಿಂದ ಅಲ್ಲಿಗೆ ರಾತ್ರಿಯಿಡೀ ರೈಲು. ಕಛೇರಿ ಕೆಲಸ ಮುಗಿಸಿ ಹೊತ್ತು ಕಳೆಯಲು ನಾನು ಕಿಳಕ್ಕೇಕೋಟ್ಟ ಅಂದರೆ ಪೂರ್ವದ ಕೋಟೆಬಾಗಿಲಿನಿಂದ ಕಿಳ್ಳಿಪ್ಪಾಲದವರೆಗೆ ಆ ಬೀದಿ ಪೂರ್ತಿ ನಡೆದಿದ್ದೇನೆ. ಬಾಳೆಗೊನೆ, ಬೆಲ್ಲ, ಹಗ್ಗ, ಹಿತ್ತಾಳೆ ಪಾತ್ರೆ, ಹೂವು, ಒಣಮೀನು. ಅಂಗಡಿ ಎಷ್ಟು ಕಿರಿದು ಅಂದರೆ ಮಾಲೀಕ ಒಳಗೆ ಕೂತರೆ ಗಿರಾಕಿ ಹೊರಗೇ ನಿಲ್ಲಬೇಕು. ಈ ಬಜಾರನ್ನು ಮಾಡಿಸಿದವರೂ ಕೇಶವದಾಸರೇ. ಧರ್ಮರಾಜನ ಕಾಲದಲ್ಲಿ ರಾಜಧಾನಿ ಪದ್ಮನಾಭಪುರದಿಂದ ತಿರುವನಂತಪುರಕ್ಕೆ ಬಂತು. ರಾಜಧಾನಿ ಬಂದ ಮೇಲೆ ಜನ ಬಂದರು, ಜನ ಬಂದ ಮೇಲೆ ಹೊಟ್ಟೆಗೆ ಬೇಕಲ್ಲ. ಬೀದಿ ಕೊನೆಗೊಳ್ಳುವಲ್ಲಿ ಕಿಳ್ಳಿಯಾರ್ ಹೊಳೆ, ಅದರಾಚೆ ಕರಮನ ಹೊಳೆ. ಸರಕು ಹೊಳೆಯಲ್ಲಿ ಬಂದು ಇಲ್ಲಿ ಇಳಿಯಬೇಕು, ಇಲ್ಲಿಂದ ಕೋಟೆಯೊಳಗೆ ಹೋಗಬೇಕು, ಹಾಗೆ ಜಾಗ ನೋಡಿ ಇಟ್ಟದ್ದು. ಇನ್ನೂರು ವರ್ಷ ಕಳೆದರೂ ಅಲ್ಲಿ ವ್ಯಾಪಾರ ನಿಂತಿಲ್ಲ.

ಇನ್ನು ಕೊಚ್ಚಿಯ ಸಂಗತಿ. ಮಟ್ಟಾಂಚೇರಿಯಲ್ಲಿ ಕೊಂಕಣಿ ವರ್ತಕರು ತಲೆಮಾರುಗಳಿಂದ ನೆಲೆಸಿದ್ದರು. ನಮ್ಮ ಮಂಜೇಶ್ವರ, ಮಂಗಳೂರಿನ ಕೊಂಕಣಿಗರ ಬಂಧುಬಳಗವೇ. ಅವರಿಗೆ ಡಚ್ಚರ ರಕ್ಷಣೆ ಇತ್ತು. 1790ರಲ್ಲಿ ಕೊಚ್ಚಿಯ ಗದ್ದುಗೆ ಏರಿದ ಶಕ್ತನ್ ತಂಬುರಾನ್‌ಗೂ ಅವರಿಗೂ ಹಣದ ವಿಚಾರದಲ್ಲಿ ಕೆಟ್ಟಿತು. 1791ರಲ್ಲಿ ಅವರ ಮೇಲೆ ಕೈಮಾಡಿಸಿದ, ತಿರುಮಲ ದೇವಸ್ವಂನ ಸಂಪತ್ತಿಗೆ ಕೈಹಾಕಿದ, ಸಮಾಜದ ಮುಖಂಡರ ಜೀವ ಹೋಯಿತು. ಉಳಿದವರಲ್ಲಿ ಹಲವರು ದೇವರ ವಿಗ್ರಹವನ್ನೇ ಹೊತ್ತು ಗಡಿ ದಾಟಿ ತಿರುವಿದಾಂಕೂರಿಗೆ, ಆಲಪ್ಪುಳಕ್ಕೆ ಬಂದರು. ವಿಗ್ರಹ ಕೊಚ್ಚಿಗೆ ಮರಳಲು ಅರ್ಧ ಶತಮಾನಕ್ಕೂ ಹೆಚ್ಚು ಬೇಕಾಯಿತು. ಆದರೆ ಶಕ್ತನ್ ತಂಬುರಾನ್ ವ್ಯಾಪಾರದ ವೈರಿ ಅಂತ ತಿಳಿಯಬೇಡಿ. ಸಿರಿಯನ್ ಕ್ರಿಶ್ಚಿಯನ್ ವರ್ತಕರನ್ನು ತ್ರಿಶೂರಿನಲ್ಲಿ ನೆಲೆಗೊಳಿಸಿ ಆ ಪೇಟೆಯನ್ನು ಬೆಳೆಸಿದವನೂ ಅವನೇ. ಒಂದು ಕೈಯಲ್ಲಿ ಕರೆದ, ಇನ್ನೊಂದು ಕೈಯಲ್ಲಿ ಸುಲಿದ. ಕೊಂಕಣಿಗರು ಓಡಿಬಂದಾಗ ಓಡಿಬರಲು ಒಂದು ಜಾಗ ಇತ್ತಲ್ಲ, ಆಲಪ್ಪುಳದ ಭಾಗ್ಯ ಅದು. ಬಂದವರು ಬರೀಗೈಯಲ್ಲಿ ಬಂದರೂ ತಲೆಯಲ್ಲಿ ಗೋವೆಯಿಂದ ಕೊಲ್ಲಂವರೆಗಿನ ವ್ಯಾಪಾರವನ್ನೇ ಹೊತ್ತು ತಂದಿದ್ದರು.

ಇಷ್ಟು ಹೊಗಳಿದ ಮೇಲೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ಮೆಣಸು ಯಾರದ್ದು? ಬೆಳೆದವನದ್ದಲ್ಲ. ನಾವು ಒಳ್ಳೆಮೆಣಸು ಅನ್ನುತ್ತೇವಲ್ಲ, ಅದರ ವ್ಯಾಪಾರವನ್ನು ಮಾರ್ತಾಂಡವರ್ಮನ ಕಾಲದಿಂದಲೇ ಸರಕಾರ ತನ್ನ ಮುಷ್ಟಿಯಲ್ಲಿ ಇಟ್ಟುಕೊಂಡಿತ್ತು. ರೈತ ಸರಕಾರದ ಉಗ್ರಾಣಕ್ಕೆ, ಸರಕಾರ ಹೇಳಿದ ಬೆಲೆಗೆ ಕೊಡಬೇಕು. ಕೇಶವದಾಸರು ಅದನ್ನು ಸಡಿಲಿಸಲಿಲ್ಲ. ಸಡಿಲಿಸುವುದು ಹೇಗೆ? ಯುದ್ಧದ ಖರ್ಚು ತಲೆಯ ಮೇಲೆ, ಇಂಗ್ಲಿಷರಿಗೆ ಕೊಡಬೇಕಾದದ್ದು ಬೇರೆ. 1793ರಲ್ಲಿ ಕಂಪನಿಯ ಬೊಂಬಾಯಿ ಸರಕಾರದ ಜೊತೆ ಮೆಣಸು ಒದಗಿಸುವ ಕರಾರು ಆಯಿತು, 1795ರಲ್ಲಿ ಕಂಪನಿಯ ಜೊತೆ ರಕ್ಷಣೆಯ ಕರಾರು. ಬಜಾರು ಕಟ್ಟಿದ ಹಣದ ಬೇರು ಬೆಟ್ಟದ ರೈತನ ಮೆಣಸಿನ ಬಳ್ಳಿಯಲ್ಲಿದೆ. ವರ್ತಕನಿಗೆ ಕಾಲುವೆ, ಬೆಳೆಗಾರನಿಗೆ ನಿಗದಿ ಬೆಲೆ. ದಿವಾನರ ಅಭಿಮಾನಿಗಳು ಇದನ್ನು ಹೇಳುವುದಿಲ್ಲ. ಸಿ. ವಿ. ರಾಮನ್ ಪಿಳ್ಳೆಯವರ ಧರ್ಮರಾಜಾ, ರಾಮರಾಜ ಬಹದ್ದೂರ್ ಕಾದಂಬರಿಗಳಿಂದ ಕೇಶವ ಪಿಳ್ಳೆ ಮಲಯಾಳಿಗಳ ಮನೆಮಾತಾದ ವೀರ. ಆ ಮೆಣಸಿನ ರೈತನನ್ನು ಹುಡುಕಲು ಬೇರೆ ಕಡೆ ಹೋಗಬೇಕು.

1798ರಲ್ಲಿ ಧರ್ಮರಾಜ ತೀರಿಕೊಂಡ. ಪಟ್ಟಕ್ಕೆ ಬಂದವನು ಹದಿಹರೆಯದ ಬಾಲರಾಮವರ್ಮ. ಅವನ ಕಿವಿ ಜಯಂತನ್ ನಂಬೂದಿರಿಯ ಕೈಯಲ್ಲಿ. ಮುದಿ ದಿವಾನರು ಬೇಡವಾದರು. ಅಧಿಕಾರ ಕಿತ್ತುಕೊಂಡು ಮನೆಯಲ್ಲೇ ಬಂಧನದಲ್ಲಿಟ್ಟರು, ಆಸ್ತಿ ಮುಟ್ಟುಗೋಲು ಹಾಕಿದರು. 1799ರಲ್ಲಿ ಅವರು ಸತ್ತರು. ವಿಷವಿಕ್ಕಿ ಕೊಂದರು ಅಂತ ಜನ ಆಗಲೂ ನಂಬಿದರು, ಈಗಲೂ ನಂಬುತ್ತಾರೆ. ಅದೇ ವರ್ಷ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಮಡಿದ, ಪೂರ್ಣಯ್ಯನವರು ಹೊಸ ಮೈಸೂರಿನ ದಿವಾನರಾದರು. ಒಬ್ಬ ಲೆಕ್ಕದವನ ಪುಸ್ತಕ ಮುಚ್ಚಿದ ವರ್ಷವೇ ಇನ್ನೊಬ್ಬನ ಪುಸ್ತಕದ ಹೊಸ ಹಾಳೆ ತೆರೆಯಿತು.

ಇವರ ಜಾಗಕ್ಕೆ ಬಂದವರು ಮೂವರು: ಜಯಂತನ್ ನಂಬೂದಿರಿ, ಶಂಕರನಾರಾಯಣ ಚೆಟ್ಟಿ, ಮತ್ತು ಅದೇ ಮಾತ್ತು ತರಕನ್. ಸರಕಾರದ ಗುತ್ತಿಗೆಯಿಂದ ಬೆಳೆದ ವರ್ತಕ ಈಗ ಸರಕಾರವೇ ಆದ. ಬೊಕ್ಕಸ ಖಾಲಿ ಅಂತ ಪಟ್ಟಿ ಬರೆದರು. ಇಂಥವನು ಇಷ್ಟು ಕೊಡಬೇಕು, ಅಂಥವನು ಅಷ್ಟು. ಕೊಡದವನಿಗೆ ಛಡಿ ಏಟು. ಪಟ್ಟಿಯಲ್ಲಿದ್ದವರಲ್ಲಿ ಇರಣಿಯಲ್‌ನ ಅಧಿಕಾರಿ ವೇಲು ತಂಬಿಯೂ ಒಬ್ಬ. ಮೂರು ದಿನದ ವಾಯಿದೆ ಕೇಳಿ ಊರಿಗೆ ಹೋದವನು ಹಣ ತರಲಿಲ್ಲ, ನಾಂಜಿನಾಡಿನ ಜನರನ್ನೇ ಕರೆತಂದ. ಜಯಂತನ್ ನಂಬೂದಿರಿಯನ್ನು ಗಡಿಪಾರು ಮಾಡಿದರು. ಇನ್ನಿಬ್ಬರ ಕಿವಿ ಕೊಯ್ದರು.

ಈಗಿನ ತಿರುವನಂತಪುರದಲ್ಲಿ ಸಣ್ಣ ಉದ್ದಿಮೆಗೆ ಸಾಲ ಕೊಡುವ ಕೇರಳ ಫೈನಾನ್ಶಿಯಲ್ ಕಾರ್ಪೊರೇಶನ್ ಇದೆ. ಅದು 1953ರಲ್ಲಿ ತಿರುವಿದಾಂಕೂರು-ಕೊಚ್ಚಿ ಹೆಸರಿನಲ್ಲಿ ಹುಟ್ಟಿದ್ದು, ಆಗ ನಾವು ಕಾಸರಗೋಡಿನವರು ಇನ್ನೂ ಮದರಾಸಿನವರು. 2019ರಲ್ಲಿ ಒಂದು ಕಾಯಿದೆ ಬಂತು. ಸಣ್ಣ ಉದ್ದಿಮೆಯವನು ತಾನೇ ಬರೆದುಕೊಟ್ಟು ಕೆಲಸ ಶುರು ಮಾಡಬಹುದು, ಮೊದಲ ಕೆಲವು ವರ್ಷ ಒಂದೊಂದು ಪರವಾನಿಗೆಗೂ ಕಾಯುತ್ತ ಕೂರಬೇಕಿಲ್ಲ ಅಂತ. 2022ರಲ್ಲಿ ಒಂದೇ ವರ್ಷಕ್ಕೆ ಒಂದು ಲಕ್ಷ ಉದ್ದಿಮೆ ಎಂಬ ಗುರಿಯನ್ನೂ ಇಟ್ಟರು. ನಮ್ಮ ಬೇಕರಿಯವನು, ಹಾಳೆತಟ್ಟೆಯವನು ಈ ಕಾಗದಗಳನ್ನು ಖಂಡಿತ ಓದಲಿ. ಓದಿ ಕೇಳಲಿ: ನನ್ನ ತಟ್ಟೆ ಲಾರಿ ಹತ್ತಲು ದಾರಿ ಇದೆಯೆ? ಮಳೆಗೆ ನೆನೆಯದೆ ಇಡಲು ಉಗ್ರಾಣ ಇದೆಯೆ? ನಾಳೆ ಅಧಿಕಾರಿ ಬದಲಾದರೆ ಇವತ್ತಿನ ಮಾತು ನಿಲ್ಲುತ್ತದೆಯೆ?

ವೇಲು ತಂಬಿ ಮುಂದೆ ತಾನೇ ದಳವಾಯಿಯಾದ. ಕಠೋರ ಮನುಷ್ಯ, ಆದರೂ 1805ರಲ್ಲಿ ಚಂಗನಾಶ್ಶೇರಿಯ ಪೇಟೆಯನ್ನು ತೆರೆದ. 1859ರಲ್ಲಿ ಡಾರಾ ಎಂಬ ಹೊರದೇಶದವನು ತೆಂಗಿನ ನಾರಿನ ಕಾರ್ಖಾನೆ ಇಡಲು ಜಾಗ ಹುಡುಕಿದಾಗ ಆರಿಸಿದ್ದು ಆಲಪ್ಪುಳವನ್ನು. ಬಂದರು, ಕಾಲುವೆ, ಉಗ್ರಾಣ ಎಲ್ಲವೂ ಅಲ್ಲಿ ತಯಾರಿತ್ತು. 1920ರ ನಂತರ ರಾಬರ್ಟ್ ಬ್ರಿಸ್ಟೋ ಕೊಚ್ಚಿಯ ಅಳಿವೆಯ ಮರಳದಿಣ್ಣೆಯನ್ನು ಕಡಿಸಿ ದೊಡ್ಡ ಹಡಗುಗಳನ್ನು ಒಳಗೆ ಕರೆದ ಮೇಲೆ ಆಲಪ್ಪುಳದ ಬಂದರು ಸೊರಗಿತು. ದಿವಾನರ ಹೆಸರಿನ ಕೇಶವದಾಸಪುರ ತಿರುವನಂತಪುರದಲ್ಲಿದೆ, ಎಂ.ಸಿ. ರೋಡು ಅಲ್ಲಿಂದಲೇ ಹೊರಟು ಅಂಗಮಾಲಿಗೆ ಹೋಗುತ್ತದೆ. ಆಲಪ್ಪುಳದ ಎರಡು ಕಾಲುವೆಗಳೂ ಇವೆ. ಹಡಗಿಲ್ಲದ ಬಂದರಿನ ಕಡೆಗೆ ಈಗಲೂ ಅವುಗಳ ಮುಖ.