ಜೆಫ್ರಿ ಇಂಗ್ರಮ್ ಟೇಲರ್

ಹುಮನಾಬಾದ, ಬಸವಕಲ್ಯಾಣಗಳ ತೊಗರಿ ಹೊಲಗಳಲ್ಲಿ ಸಿಂಪಡಿಸುವ ಎಣ್ಣೆಯಂತಹ ಔಷಧವು ನೀರಿಗೆ ಬಿದ್ದೊಡನೆ ಹಾಲಿನಂತೆ ಬೆಳ್ಳಗಾಗುತ್ತದೆ. ಅದು ಕರಗುವುದಿಲ್ಲ, ಕಣ್ಣಿಗೆ ಕಾಣದ ಹನಿಗಳಾಗಿ ನೀರಿನೊಡನೆ ಕೊಳವೆಯಲ್ಲಿ ಸಾಗುತ್ತದೆ. ಹನಿಗಳು ಕೂಡಿಕೊಂಡು ಬೇರ್ಪಟ್ಟರೆ ಒಂದು ಗಿಡ ಸುಡುತ್ತದೆ, ಇನ್ನೊಂದು ಹುಳುವಿನ ಪಾಲಾಗುತ್ತದೆ. ಇಂತಹ ಹನಿ ಯಾವಾಗ ಒಡೆಯುತ್ತದೆ, ಯಾವಾಗ ಉಳಿಯುತ್ತದೆ ಎಂಬುದನ್ನು ಅಳೆದು ತೋರಿಸಿದವರು ಟೇಲರ್.

ಅವರು 1886ರಲ್ಲಿ ಲಂಡನ್ನಿನಲ್ಲಿ ಜನಿಸಿದರು. ತಾಯಿಯ ತಂದೆ ಗಣಿತಜ್ಞ ಜಾರ್ಜ್ ಬೂಲ್. ಅಜ್ಜಿ ಮೇರಿಯು, ಬೀದರ ಸೀಮೆಯಿಂದ ಹಿಮಾಲಯದ ತಪ್ಪಲಿನವರೆಗೆ ಭೂಮಿಯನ್ನು ಅಳೆಯಿಸಿದ ಜಾರ್ಜ್ ಎವರೆಸ್ಟರ ಸೋದರನ ಮಗಳು. ಅಳತೆಯ ಗೀಳು ಮನೆತನದಲ್ಲಿಯೇ ಇದ್ದಿತೆನ್ನಬೇಕು!

1923ರಲ್ಲಿ ರಾಯಲ್ ಸೊಸೈಟಿಯ ಸಂಶೋಧನ ಪ್ರಾಧ್ಯಾಪಕ ಪದವಿ ದೊರೆತ ಮೇಲೆ ಟೇಲರರು ಕೇಂಬ್ರಿಜ್ಜಿನಲ್ಲಿ ಪ್ರಯೋಗಗಳಿಗೇ ಮೀಸಲಾದರು. 1934ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸಕ್ಕರೆಯ ಪಾಕದೊಳಗೆ ಎಣ್ಣೆಯ ಹನಿಯೊಂದನ್ನಿಟ್ಟು, ನಾಲ್ಕು ಉರುಳೆಗಳನ್ನು ತಿರುಗಿಸಿ ಪಾಕವನ್ನು ಹರಿಸಿದರು. ಹರಿವು ಹನಿಯನ್ನು ಹಿಗ್ಗಿಸುತ್ತದೆ. ಮೇಲ್ಮೈ ಎಳೆತ ಅದನ್ನು ದುಂಡಗಿಡಲೆತ್ನಿಸುತ್ತದೆ. ರಭಸ ಹೆಚ್ಚಿದಂತೆ ಹನಿ ನೀಳವಾಗಿ ಕೊನೆಗೆ ಒಡೆಯಿತು. ಹನಿ ಚಿಕ್ಕದಾದಷ್ಟೂ ಅದನ್ನೊಡೆಯಲು ಹೆಚ್ಚು ರಭಸ ಬೇಕು. ಇನ್ನೊಂದು ಸೋಜಿಗವೂ ಕಂಡಿತು. ಪದರದ ಮೇಲೆ ಪದರ ಜಾರುವ ಹರಿವಿನಲ್ಲಿ, ಸುತ್ತಲಿನ ದ್ರವಕ್ಕಿಂತ ಬಹಳ ಮಂದವಾದ ಎಣ್ಣೆಯ ಹನಿ ಒಡೆಯಲೇ ಇಲ್ಲ. ಕೊಳವೆಯ ಗೋಡೆಯ ಬಳಿ ಇರುವುದು ಇಂತಹ ಹರಿವೇ.

ನಿವೃತ್ತಿಯ ಬಳಿಕವೂ ಅವರು ಸುಮ್ಮನೆ ಕೂರಲಿಲ್ಲ. ಮಂದ ದ್ರವ ತುಂಬಿದ ಸಣ್ಣ ಕೊಳವೆಯೊಳಗೆ ಗಾಳಿಯನ್ನು ನುಗ್ಗಿಸಿ, ಗೋಡೆಗೆ ಅಂಟಿ ಉಳಿಯುವ ದ್ರವವೆಷ್ಟೆಂದು ಅಳೆದು 1961ರಲ್ಲಿ ಪ್ರಕಟಿಸಿದರು. ವೇಗ ಹೆಚ್ಚಿದಂತೆ ಆ ಪಾಲು ಅರ್ಧವನ್ನೂ ಮೀರಿತು. ಆಗ ಅವರಿಗೆ ಎಪ್ಪತ್ತೈದು ವರ್ಷ. 1975ರಲ್ಲಿ ಕೇಂಬ್ರಿಜ್ಜಿನಲ್ಲಿ ನಿಧನರಾದರು.