ಕೊರೆಯದೆ ಒಳಗನ್ನು ಅರಿತ ಹೆಲ್ಮ್‌ಹೋಲ್ಟ್ಸ್

ಜರ್ಮನಿಯ ಪಾಟ್ಸ್‌ಡಾಮ್ ನಗರದಲ್ಲಿ 1821ನೆಯ ಇಸವಿ ಆಗಸ್ಟ್ 31ರಂದು ಹೆರ್ಮನ್ ಹೆಲ್ಮ್‌ಹೋಲ್ಟ್ಸನು ಜನಿಸಿದನು. ತಂದೆ ಶಾಲೆಯ ಉಪಾಧ್ಯಾಯ. ಮಗನಿಗೆ ಭೌತಶಾಸ್ತ್ರದ ಹಂಬಲ. ಅದನ್ನು ಓದಿಸುವ ಅನುಕೂಲ ಮನೆಯಲ್ಲಿರಲಿಲ್ಲ. ಸೈನ್ಯದಲ್ಲಿ ವೈದ್ಯರಾಗಿ ದುಡಿಯಲು ಒಪ್ಪಿದವರಿಗೆ ಬರ್ಲಿನ್ನಿನ ಸಂಸ್ಥೆಯೊಂದರಲ್ಲಿ ವೈದ್ಯಶಿಕ್ಷಣವು ಉಚಿತವಾಗಿ ದೊರೆಯುತ್ತಿತ್ತು. 1838ರಲ್ಲಿ ಅವನು ಅಲ್ಲಿ ಸೇರಿದನು. ಬಯಸಿದ ವಿದ್ಯೆ ಒಂದು, ದೊರೆತದ್ದು ಇನ್ನೊಂದು. ಎರಡನ್ನೂ ಬಿಡದೆ ಕೂಡಿಸಿದುದೇ ಅವನ ಬಾಳಿನ ಹಿರಿಮೆ.

ಸೈನ್ಯದ ವೈದ್ಯನಾಗಿದ್ದಾಗಲೇ, 1847ರಲ್ಲಿ, ಶಕ್ತಿಸಂರಕ್ಷಣೆಯ ತತ್ತ್ವವನ್ನು ಕುರಿತು ಪ್ರಖ್ಯಾತ ಪ್ರಬಂಧವನ್ನು ಬರೆದನು. ನರಗಳಲ್ಲಿ ಪ್ರೇರಣೆ ಹರಿಯುವ ವೇಗವನ್ನು ಅಳೆಯಲಾಗದೆಂದು ಅವನ ಗುರು ಯೋಹಾನ್ನೆಸ್ ಮ್ಯುಲರನೇ ಭಾವಿಸಿದ್ದನು. ಶಿಷ್ಯನು 1850ರಲ್ಲಿ ಕಪ್ಪೆಯ ನರದಲ್ಲಿ ಅದನ್ನು ಅಳೆದು, ಸೆಕೆಂಡಿಗೆ ಸುಮಾರು 27 ಮೀಟರ್ ಎಂದು ತೋರಿಸಿದನು. ಮರುವರ್ಷ, ಕಣ್ಣಿನ ಒಳಭಾಗವನ್ನು ನೋಡಬಲ್ಲ ನೇತ್ರದರ್ಶಕವು ಅವನಿಂದ ಬಂದಿತು.

ನಮಗಿಲ್ಲಿ ಮುಖ್ಯವಾದುದು ಅವನ 1853ರ ಲೇಖನ. ತಂತಿಯಲ್ಲಿ ವಿದ್ಯುತ್ತು ಒಂದೇ ದಾರಿ ಹಿಡಿಯುತ್ತದೆ. ದೇಹದಲ್ಲಿ ಎಲ್ಲ ದಿಕ್ಕಿಗೂ ಹರಡುತ್ತದೆ. ಆ ಹರಡುವಿಕೆಯೂ ಗಣಿತಕ್ಕೆ ಒಳಪಡುವುದೆಂದೂ, ಹಲವು ಮೂಲಗಳ ಪರಿಣಾಮವನ್ನು ಬೇರೆಬೇರೆಯಾಗಿ ಎಣಿಸಿ ಕೂಡಿಸಬಹುದೆಂದೂ ಅವನು ತೋರಿಸಿದನು. ಜೊತೆಗೊಂದು ಎಚ್ಚರಿಕೆಯೂ ಅದರಲ್ಲಿತ್ತು: ಒಳಗಿನ ಮೂಲಗಳು ಬೇರೆಯಾಗಿದ್ದರೂ ಹೊರಮೈಯ ಅಳತೆ ಒಂದೇ ಆಗಿರಬಹುದು.

1863ರಲ್ಲಿ ನಾದವನ್ನು ಕುರಿತ ಅವನ ಗ್ರಂಥವು ಹೊರಬಂದಿತು. ಅಲ್ಪ ಅಂತರದ ಎರಡು ಸ್ವರಗಳು ಕೂಡಿದಾಗ ನಾದವು ಏರಿಳಿದು ಮಿಡಿಯುತ್ತದೆ. ತಂಬೂರಿಯನ್ನು ಶ್ರುತಿಮಾಡುವವರು ಇದನ್ನು ಬಲ್ಲರು. ಕರ್ಕಶತೆಯ ಕಾರಣವನ್ನು ಅವನು ಈ ಮಿಡಿತದಲ್ಲಿಯೇ ಕಂಡನು. 1871ರಲ್ಲಿ ಬರ್ಲಿನ್ನಿನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕನಾದನು. ಬಾಲ್ಯದ ಬಯಕೆ ಐವತ್ತನೆಯ ವಯಸ್ಸಿನಲ್ಲಿ ಕೈಗೂಡಿತು. 1894ರ ಸೆಪ್ಟೆಂಬರ್ 8ರಂದು ತೀರಿಕೊಂಡನು.

ಅವನ ಈ ಎರಡು ವಿಚಾರಗಳು ಇಂದು ಒಂದೆಡೆ ಸೇರಿವೆ. ಪಾರ್ಕಿನ್ಸನ್ ರೋಗದ ನಡುಕವನ್ನು ತಗ್ಗಿಸಲು ಕೆಲವರ ತಲೆಬುರುಡೆಯನ್ನು ಕೊರೆದು, ಮಿದುಳಿನ ಆಳಕ್ಕೆ ವಿದ್ಯುದ್ವಾರವನ್ನು ಇಳಿಸುತ್ತಾರೆ. ಕೊರೆಯದೆಯೇ ಆ ಆಳವನ್ನು ಮುಟ್ಟಬಹುದೆ? 2017ರಲ್ಲಿ ನೀರ್ ಗ್ರಾಸ್‌ಮನ್ ಮತ್ತು ಸಂಗಡಿಗರು ಇಲಿಗಳ ತಲೆಗೆ ಹೊರಗಿನಿಂದ, ಸೆಕೆಂಡಿಗೆ 2000 ಮತ್ತು 2010 ಸಲ ಕಂಪಿಸುವ ಎರಡು ಪ್ರವಾಹಗಳನ್ನು ಹರಿಸಿದರು. ಅಷ್ಟು ವೇಗಕ್ಕೆ ನರಕೋಶಗಳು ಓಗೊಡಲಾರವು. ಎರಡೂ ಕೂಡುವಲ್ಲಿ ಹುಟ್ಟುವ 10ರ ಮಿಡಿತಕ್ಕೆ ಓಗೊಟ್ಟವು.

ಮನುಷ್ಯನ ತಲೆಯಲ್ಲಿ ಆ ಮಿಡಿತವು ಎಲ್ಲಿ ಬಲವಾದೀತು? ಇದನ್ನು ಮೊದಲು ಗಣಕಯಂತ್ರದಲ್ಲಿ ನೋಡುತ್ತಾರೆ. ತಲೆಯ ಚಿತ್ರಗಳಿಂದ ಚರ್ಮ, ಬುರುಡೆ, ದ್ರವ, ಮಿದುಳುಗಳನ್ನು ಬಿಡಿಸಿ, ಅಸಂಖ್ಯ ತುಣುಕುಗಳಾಗಿಸಿ, ಹೆಲ್ಮ್‌ಹೋಲ್ಟ್ಸನು ದೇಹಕ್ಕೆ ಅನ್ವಯಿಸಿದ ನಿಯಮಗಳಂತೆಯೇ ಯಂತ್ರವು ಲೆಕ್ಕಹಾಕುತ್ತದೆ. ಬುರುಡೆಯು ವಿದ್ಯುತ್ತನ್ನು ಬಹುವಾಗಿ ತಡೆಯುತ್ತದೆ. ತಲೆಯಿಂದ ತಲೆಗೆ ಅದರ ದಪ್ಪವೂ ಬೇರೆ. ಲೆಕ್ಕ ತಪ್ಪಿದರೆ ಪೆಟ್ಟು ಬೇರೆಡೆಗೆ ಬೀಳುತ್ತದೆ. ಆದ್ದರಿಂದ ಆ ಹಳೆಯ ಎಚ್ಚರಿಕೆಯನ್ನು ಮರೆಯುವಂತಿಲ್ಲ.

ಬಯಸದ ತರಗತಿಯಲ್ಲಿ ಕುಳಿತಿರುವೆವೆಂದು ಕೊರಗುವ ಮಿತ್ರರು ನಮ್ಮಲ್ಲಿಯೂ ಇದ್ದಾರೆ. ವೈದ್ಯವನ್ನು ಓದಬೇಕಾಗಿ ಬಂದಿರದಿದ್ದರೆ, ಈ ಭೌತಶಾಸ್ತ್ರಜ್ಞನು ಕಪ್ಪೆಯ ನರವನ್ನು ಮುಟ್ಟುತ್ತಿದ್ದನೆ?