ಫ್ರಾಂಕ್ಲಿನ್ ಡಿ. ರೂಸ್‌ವೆಲ್ಟ್

ಫ್ರಾಂಕ್ಲಿನ್ ಡೆಲಾನೊ ರೂಸ್‌ವೆಲ್ಟ್ (ಜನವರಿ 30, 1882 – ಏಪ್ರಿಲ್ 12, 1945) ಅಮೆರಿಕ ಸಂಯುಕ್ತ ಸಂಸ್ಥಾನದ 32ನೆಯ ಅಧ್ಯಕ್ಷರು. ಆ ಹುದ್ದೆಗೆ ನಾಲ್ಕು ಬಾರಿ ಚುನಾಯಿತರಾದ ಏಕೈಕ ವ್ಯಕ್ತಿ. ತೀವ್ರ ರಕ್ತದೊತ್ತಡದಿಂದ ಮಿದುಳಿನಲ್ಲಿ ರಕ್ತಸ್ರಾವವಾಗಿ ಅಧಿಕಾರದಲ್ಲಿದ್ದಾಗಲೇ ನಿಧನರಾದರು.

ಜೀವನ

ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕ್‌ನ ಸಿರಿವಂತ ಮನೆತನದಲ್ಲಿ ಜನಿಸಿದರು. 1921ರಲ್ಲಿ ಪೋಲಿಯೊ ಎಂದು ಗುರುತಿಸಲಾದ ಕಾಯಿಲೆಯಿಂದ ಕಾಲುಗಳ ಶಕ್ತಿಯನ್ನು ಕಳೆದುಕೊಂಡರು. 1929ರಲ್ಲಿ ನ್ಯೂಯಾರ್ಕ್‌ನ ಗವರ್ನರ್ ಆಗಿ, 1933ರಲ್ಲಿ ಅಧ್ಯಕ್ಷರಾಗಿ ಅಧಿಕಾರ ವಹಿಸಿಕೊಂಡರು. ಆರ್ಥಿಕ ಮಹಾಕುಸಿತವನ್ನೂ ಎರಡನೆಯ ಮಹಾಯುದ್ಧವನ್ನೂ ಎದುರಿಸಿದ್ದು ಇವರ ಆಡಳಿತವೇ.

ಅನಾರೋಗ್ಯ

1941ರ ಫೆಬ್ರವರಿಯಲ್ಲೇ ಅವರ ರಕ್ತದೊತ್ತಡ 188/105 ಇತ್ತು. ಆಪ್ತ ವೈದ್ಯ ರಾಸ್ ಮೆಕಿಂಟೈರ್ ಕಿವಿ, ಮೂಗು, ಗಂಟಲಿನ ತಜ್ಞರಾಗಿದ್ದರು. 1944ರ ಮಾರ್ಚ್‌ನಲ್ಲಿ ಹೃದ್ರೋಗ ತಜ್ಞ ಹೋವರ್ಡ್ ಬ್ರೂನ್ ಪರೀಕ್ಷಿಸಿದಾಗ ಹೃದಯ ಹಿಗ್ಗಿ, ಅದರ ಕಾರ್ಯಶಕ್ತಿ ಕುಂದಿರುವುದು ತಿಳಿದುಬಂತು. ಒತ್ತಡವನ್ನು ಸಮರ್ಥವಾಗಿ ತಗ್ಗಿಸುವ ಸುರಕ್ಷಿತ ಔಷಧ ಆಗ ಇರಲಿಲ್ಲ. ಡಿಜಿಟಾಲಿಸ್, ಉಪ್ಪು ಕಡಿಮೆಯಾದ ಆಹಾರ, ವಿಶ್ರಾಂತಿ, ಸಿಗರೇಟಿನ ಮಿತಿ, ಇಷ್ಟೇ ಚಿಕಿತ್ಸೆ. (ಭಾರತದ ಸರ್ಪಗಂಧದ ಬೇರಿನ ಕುರಿತು ಮುಂಬಯಿಯ ರುಸ್ತುಂ ಜಾಲ್ ವಕೀಲರ ಪ್ರಬಂಧ ಹೊರಬಂದುದು 1949ರಲ್ಲಿ.) ಅಧ್ಯಕ್ಷರ ಆರೋಗ್ಯ ಚೆನ್ನಾಗಿದೆಯೆಂದೇ ಮೆಕಿಂಟೈರ್ ಸಾರ್ವಜನಿಕರಿಗೆ ತಿಳಿಸುತ್ತಿದ್ದರು. ಹೀಗಾಗಿ ಅದೇ ವರ್ಷ ನವೆಂಬರ್‌ನಲ್ಲಿ ಮತ ನೀಡಿದವರಿಗೆ ಈ ಸಂಗತಿ ಗೊತ್ತಿರಲಿಲ್ಲ. ಉಪಾಧ್ಯಕ್ಷ ಹ್ಯಾರಿ ಟ್ರೂಮನ್‌ರಿಗೆ ಅಣುಬಾಂಬ್ ಯೋಜನೆಯ ವಿವರವನ್ನೂ ತಿಳಿಸಿರಲಿಲ್ಲ.

ಮರಣ

1945ರ ಏಪ್ರಿಲ್ 12ರಂದು ಜಾರ್ಜಿಯಾದ ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ ಕಲಾವಿದೆಯೊಬ್ಬರು ಭಾವಚಿತ್ರ ಬರೆಯುತ್ತಿದ್ದಾಗ, ರೂಸ್‌ವೆಲ್ಟ್ ತಲೆಯ ಹಿಂಭಾಗದಲ್ಲಿ ವಿಪರೀತ ನೋವೆಂದು ಹೇಳಿ ಪ್ರಜ್ಞೆ ಕಳೆದುಕೊಂಡರು. ಒತ್ತಡ 300ನ್ನು ಮೀರಿತ್ತು. ಮಧ್ಯಾಹ್ನ 3.35ಕ್ಕೆ ಕೊನೆಯುಸಿರೆಳೆದರು. ಆಗ ಅವರಿಗೆ 63 ವರ್ಷ. ಶವಪರೀಕ್ಷೆ ನಡೆಯಲಿಲ್ಲ.

ರೋಗನಿರ್ಣಯ ಲಕ್ಷಣಗಳನ್ನಷ್ಟೇ ಆಧರಿಸಿತ್ತು. ರೋಗಿಯೊಬ್ಬರ ಮಿದುಳಿನ ಮೊದಲ ಸಿ.ಟಿ. ಸ್ಕ್ಯಾನ್ ನಡೆದುದು 1971ರಲ್ಲಿ, ಲಂಡನ್ನಿನಲ್ಲಿ. ಇಂದಾಗಿದ್ದರೆ ಹೊಸ ರಕ್ತಸ್ರಾವವು ಅದರಲ್ಲಿ ಬಿಳಿಯ ಕಲೆಯಾಗಿ ಕಾಣುತ್ತಿತ್ತು. ದೀರ್ಘಕಾಲದ ಅಧಿಕ ಒತ್ತಡವು ಸೂಕ್ಷ್ಮ ರಕ್ತನಾಳಗಳನ್ನು ಕೆಡಿಸಿದಾಗ ಎಂ.ಆರ್.ಐ.ಯಲ್ಲಿ ಬಿಳಿದ್ರವ್ಯದ ಬದಲಾವಣೆ ಮತ್ತು ಕಿರು ರಕ್ತಸ್ರಾವದ ಗುರುತುಗಳು ಮೊದಲೇ ಗೋಚರಿಸಬಹುದು. ಒತ್ತಡ ಹಠಾತ್ತನೆ ಏರಿದಾಗ ಮಿದುಳಿನ ಹಿಂಭಾಗದಲ್ಲಿ ಊತವೂ ಕಾಣಿಸಿಕೊಳ್ಳುತ್ತದೆ. ಸಕಾಲದಲ್ಲಿ ಒತ್ತಡ ಇಳಿಸಿದರೆ ಈ ಊತ ಬಹುಪಾಲು ಶಮನವಾಗುತ್ತದೆ.

ರೂಸ್‌ವೆಲ್ಟ್‌ರ ಮೂಲ ವೈದ್ಯಕೀಯ ಕಡತ ಅವರ ಮರಣಾನಂತರ ಕಣ್ಮರೆಯಾಯಿತು. ಬ್ರೂನ್ 1970ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ತಮ್ಮ ಟಿಪ್ಪಣಿಗಳನ್ನು ಪ್ರಕಟಿಸಿದ ಬಳಿಕವೇ ಈ ಅಂಕಿಅಂಶಗಳು ಜನರಿಗೆ ತಿಳಿದವು.